ಸರಪಳಿಯ ಲೆಕ್ಕ

ಕಲಾದಗಿ ಎಂದರೆ ಇಂದಿನವರಿಗೆ ದಾಳಿಂಬೆ, ಚಿಕ್ಕು ಹಣ್ಣು ನೆನಪಾಗುತ್ತವೆ. 1885ರವರೆಗೆ ಅದು ನಮ್ಮ ಜಿಲ್ಲೆಯ ಕೇಂದ್ರವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕುಗಳು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿದ್ದವು. 1881ರಲ್ಲಿ ಜನಗಣತಿಯವರು ಈ ಸೀಮೆಯ ಮನೆಮನೆಗೆ ಬಂದಾಗ ಜಾತಿ, ಕಸುಬು, ವಯಸ್ಸಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಮನೆಯಲ್ಲಿ ಹುಚ್ಚರು, ಕಿವುಡ-ಮೂಗರು, ಕುರುಡರು, ಕುಷ್ಠ ಹತ್ತಿದವರು ಇದ್ದಾರೆಯೇ? 1931ರವರೆಗೂ ಪ್ರತಿ ಹತ್ತು ವರ್ಷಕ್ಕೊಮ್ಮೆ ಈ ಪ್ರಶ್ನೆ ಬರುತ್ತಿತ್ತು. 1941ರಲ್ಲಿ ಕೈಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1951, 1961, 1971ರ ಗಣತಿಗಳಲ್ಲೂ ಅದು ಇರಲಿಲ್ಲ. 1981ರಲ್ಲಿ, ಅದು ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾಗಿತ್ತೆಂಬ ಕಾರಣಕ್ಕೆ, ಅರೆಬರೆ ಕೇಳಿ 1991ರಲ್ಲಿ ಮತ್ತೆ ಬಿಟ್ಟರು. 2001ರಿಂದ ಪ್ರಶ್ನೆ ಮರಳಿ ಬಂದಿದೆ. 2011ರ ಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ಅಂಗವಿಕಲರಿದ್ದಾರೆ. 2021ರ ಗಣತಿ ಆ ವರ್ಷ ನಡೆಯಲೇ ಇಲ್ಲ.

ಎಣಿಸಿದ ವರ್ಷಗಳಲ್ಲೂ, ಎಣಿಸದ ವರ್ಷಗಳಲ್ಲೂ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಇವರನ್ನು ಹೇಗೆ ಇಟ್ಟುಕೊಂಡಿದ್ದೀರಿ? ಊಟ ಕೊಡುತ್ತೀರಾ, ಹೊಡೆಯುತ್ತೀರಾ, ಕಟ್ಟಿಹಾಕುತ್ತೀರಾ, ಇವರ ಪಾಲಿನ ಹೊಲ ಯಾರ ಹೆಸರಿನಲ್ಲಿದೆ? ಇದನ್ನು ಸರಕಾರವೇ ಬಂದು ಕೇಳಬೇಕು, ಆಯೋಗ ನೇಮಿಸಿ ಕೇಳಬೇಕು ಎಂಬುದು ಈ ಲೇಖನದ ಒತ್ತಾಯ. ಇದು ಹೊಸ ಕಾಲದ ಹೊಸ ಬೇಡಿಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಇದಕ್ಕೆ ಈ ನೆಲದಲ್ಲೇ ಒಂದು ಹಿಂದಿನ ದಾರಿ ಇದೆ.

1876ರಿಂದ 78ರ ಬರದಲ್ಲಿ ಕಲಾದಗಿ ಜಿಲ್ಲೆ ಸುಟ್ಟುಹೋಯಿತು. 1872ರ ಎಣಿಕೆಗೂ 1881ರ ಎಣಿಕೆಗೂ ನಡುವೆ ಐದರಲ್ಲಿ ಒಂದು ಪಾಲಿನಷ್ಟು ಜನ ಕಡಿಮೆಯಾಗಿದ್ದರು. ಕೆಲವರು ಸತ್ತಿದ್ದರು, ಕೆಲವರು ದೇಶಾಂತರ ಹೋಗಿದ್ದರು. ಬರದ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ ಕೂಲಿ ಇತ್ತು. ಒಡೆಯಲು ಕೈಯಿಲ್ಲದವರಿಗೆ, ಕಲ್ಲು ಕಾಣದವರಿಗೆ ಏನಿತ್ತು? ಬರದ ನಂತರ ಬ್ರಿಟಿಷರು ಕ್ಷಾಮ ಆಯೋಗ ನೇಮಿಸಿದರು. 1880ರಲ್ಲಿ ಅದು ವರದಿ ಕೊಟ್ಟಿತು. ಅದರಿಂದ ಹುಟ್ಟಿದ ಕ್ಷಾಮ ಸಂಹಿತೆಯಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ದುಡಿಯಲಾರದ ಕುರುಡರು, ಹೆಳವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಮುದುಕರು ಇವರಿಗೆಲ್ಲ ಕೆಲಸ ಕೇಳದೆ ಪುಕ್ಕಟೆ ಅನ್ನ ಕೊಡಬೇಕು, ಊರೂರಿನಲ್ಲಿ ಅವರ ಯಾದಿ ಮಾಡಬೇಕು. ಸಾಮ್ರಾಜ್ಯಕ್ಕೆ ಕರುಣೆ ಉಕ್ಕಿ ಬಂದು ಇದನ್ನು ಮಾಡಿತೆಂದು ನಾನು ನಂಬುವುದಿಲ್ಲ. ಆದರೂ ವಿಚಾರಣೆ ನಡೆಯಿತು, ಅದರ ಫಲವಾಗಿ ನಿಯಮ ಬಂತು. ನಿಯಮ ಬಂದದ್ದರಿಂದ, ಮುಂದಿನ ಬರದಲ್ಲಿ ಒಬ್ಬ ಕುರುಡನ ಹೆಸರು ಬರೆದುಕೊಳ್ಳುವುದು ಊರಿನ ಗೌಡನ ಕರ್ತವ್ಯವಾಯಿತು.

ಅದಕ್ಕೂ ಹಿಂದೆ ಹೋದರೆ ದಖ್ಖನಿನ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಹದಿನೈದನೆಯ ಶತಮಾನದ ನಡುವಿನಲ್ಲಿ ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಮುಸ್ಲಿಂ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದ್ದನೆಂದು ಫರಿಶ್ತಾ ಬರೆಯುತ್ತಾನೆ. ಅದೇ ಕಾಲದಲ್ಲಿ ಮಾಳವದ ಮಹಮೂದ್ ಖಿಲ್ಜಿಯ ಆಸ್ಪತ್ರೆಯಲ್ಲಿ ಮೌಲಾನಾ ಫಜಲುಲ್ಲಾ ಹಕೀಮ ಮನೋರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ. ರೋಗಿಯ ಜವಾಬ್ದಾರಿ ದೊರೆತನದ್ದು ಎಂಬ ಮಾತು ಆಗಲೇ ಇತ್ತು ಎಂದು ಇದರಿಂದ ತಿಳಿಯುತ್ತದೆ. ಅಷ್ಟಕ್ಕೆ ನಿಲ್ಲಿಸೋಣ. ನಮ್ಮ ಸುಲ್ತಾನರನ್ನು ಹೊಗಳಿ ಇಂದಿನ ಸರಪಳಿಯನ್ನು ಮರೆಯುವುದು ನಮ್ಮಲ್ಲಿ ಕೆಲವರಿಗೆ ಅಭ್ಯಾಸವಾಗಿಬಿಟ್ಟಿದೆ.

ಜನಪದದ ನೆನಪು ದೊರೆಗಳ ನೆನಪಿಗಿಂತ ಹೆಚ್ಚು ತೊಡಕಿನದು. ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಅವನ ಮಹಾಮನೆಯಲ್ಲೇ ನಡೆದದ್ದೆಂದು ಶೂನ್ಯಸಂಪಾದನೆ ಹೇಳುವ ಮರುಳಶಂಕರದೇವನ ಕತೆ ನಮ್ಮ ಸೀಮೆಯಲ್ಲಿ ಹಲವರಿಗೆ ಗೊತ್ತು. ಹನ್ನೆರಡು ವರ್ಷ ಆತ ಪ್ರಸಾದಕುಂಡದ ಬಳಿ ಹುಚ್ಚನಂತೆ ಬಿದ್ದಿದ್ದ. ಅಷ್ಟು ದಾಸೋಹ ನಡೆಯುತ್ತಿದ್ದ ಮನೆಯಲ್ಲಿ ಅವನು ಯಾರೆಂದು ಯಾರೂ ನೋಡಲಿಲ್ಲ. ಅಲ್ಲಮ ಬಂದು ಗುರುತಿಸಿದಾಗ ಬಸವಣ್ಣ ನೊಂದುಕೊಂಡ. ಇತ್ತ ಬಿಜಾಪುರದ ಸೂಫಿಗಳಲ್ಲಿ ಮಜ್ಜೂಬರೆಂಬವರಿದ್ದರು. ದೇವರ ಗುಂಗಿನಲ್ಲಿ ಲೋಕದ ಹೋಶು ಕಳೆದುಕೊಂಡವರು. ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಮೇಲೆ 1978ರಲ್ಲಿ ತಂದ ಪುಸ್ತಕದಲ್ಲಿ ಹದಿನೇಳನೆಯ ಶತಮಾನದ ಇಂಥ ದರವೇಶಿಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾನೆ. ಎರಡೂ ಪರಂಪರೆಗಳು ಒಂದೇ ಎಚ್ಚರ ಕೊಡುತ್ತವೆ: ಹುಚ್ಚನೆಂದು ದೂಡಬೇಡ, ಒಳಗೆ ಯಾರಿದ್ದಾನೋ ಗೊತ್ತಿಲ್ಲ.

ಈ ಎಚ್ಚರ ಸುಂದರವಾದದ್ದು, ಆದರೆ ಸಾಲದು. ಅದು ಹುಚ್ಚನಲ್ಲಿ ಸಂತನನ್ನು ಹುಡುಕುತ್ತದೆ. ಸಂತನಲ್ಲದ ಹುಚ್ಚನ ಗತಿ ಏನು? ಒಬ್ಬನನ್ನು ಮಜ್ಜೂಬ್ ಎಂದು ಕಾಲಿಗೆ ಬೀಳುವ ಓಣಿಯೇ ಇನ್ನೊಬ್ಬನಿಗೆ ಕಲ್ಲು ಹೊಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಯಾವ ಪವಾಡವನ್ನೂ ತೋರದ, ಬರೀ ಲಾಲಾರಸ ಸುರಿಸುತ್ತ ಕೂತಿರುವ ಮಗುವಿಗೆ ಹೊಡೆಸಿಕೊಳ್ಳದೆ ಬದುಕುವ ಹಕ್ಕಿದೆ ಎಂದು ಹೇಳಲು ಸಂತರ ಚರಿತ್ರೆಗಿಂತ ಬೇರೆ ಏನಾದರೂ ಬೇಕು.

ಅದು ಕಾನೂನು. ಕಾನೂನಿನ ಕತೆ ಧಾರವಾಡದಿಂದ ಶುರುವಾಗುತ್ತದೆ. ಅಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆ ಬಂತು. ಬಿಜಾಪುರ ಸೀಮೆಯವರಿಗೆ ಅದೇ ಆಸರೆ, ಅದೇ ಅಂಜಿಕೆ. ಇವತ್ತಿಗೂ ನಮ್ಮ ಕಡೆ ಯಾರಾದರೂ ತಲೆಕೆಟ್ಟ ಮಾತಾಡಿದರೆ “ಇವನ್ನ ಧಾರವಾಡಕ್ಕ ಕಳಸ್ರಿ” ಅನ್ನುತ್ತಾರೆ. ಆ ಸಂಸ್ಥೆ 2009ರಲ್ಲಿ ಡಿಮ್ಹಾನ್ಸ್ ಆಗಿ ಬದಲಾದರೂ ಮಾತು ಬದಲಾಗಿಲ್ಲ. 1858ರಲ್ಲಿ ಹುಚ್ಚರ ಕಾಯ್ದೆಗಳು ಬಂದವು, 1912ರಲ್ಲಿ ಅವನ್ನೆಲ್ಲ ಸೇರಿಸಿ ಭಾರತೀಯ ಹುಚ್ಚುತನ ಕಾಯ್ದೆ ಬಂತು. ಆ ಕಾಯ್ದೆ ಮುಖ್ಯವಾಗಿ ಹುಚ್ಚರನ್ನು ಹಿಡಿದು ಒಳಗಿಡುವುದಕ್ಕೆ ಇದ್ದದ್ದು. ಆದರೂ ಅದರಲ್ಲೊಂದು ಕಲಮು ಇತ್ತು: ತನ್ನ ಹದ್ದಿನೊಳಗೆ ಯಾವನಾದರೂ ಮನೋರೋಗಿಯನ್ನು ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಥವಾ ಕ್ರೂರವಾಗಿ ನಡೆಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಠಾಣೆಯ ಅಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಈ ಕಲಮು ಉಳಿಯಿತು. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅದು 101ನೆಯ ಕಲಮು. ಅದೇ ಕಾಯ್ದೆಯ 95ನೆಯ ಕಲಮು ಮನೋರೋಗಿಗೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ.

ಅಂದರೆ ನೂರು ವರ್ಷಕ್ಕೂ ಮಿಕ್ಕಿ ನಮ್ಮ ಫೌಜದಾರರ ತಲೆಯ ಮೇಲೆ ಈ ಕರ್ತವ್ಯ ಇದೆ. ಇಂಡಿ ಠಾಣೆಯಿಂದ, ಮುದ್ದೇಬಿಹಾಳ ಠಾಣೆಯಿಂದ ಇಂಥ ವರದಿ ಎಷ್ಟು ಹೋದವು? ದನ ಕಳುವಾದ ದೂರು, ಬದುವಿನ ಜಗಳದ ದೂರು ಬರೆದುಕೊಳ್ಳುವ ದಫ್ತರದಲ್ಲಿ ಈ ಪುಟ ಇದೆಯೇ? ವಿಚಾರಣಾ ಆಯೋಗವೊಂದು ಬಂದರೆ ಅದರ ಮೊದಲ ದಿನದ ಕೆಲಸ ಇಷ್ಟೇ ಆಗಿರಬಹುದು: ಪುಸ್ತಕ ತರಿಸಿ ತೆರೆದು ನೋಡುವುದು.

ಏರ್ವಾಡಿಯನ್ನು ಬಿಟ್ಟು ಈ ಮಾತು ಮುಂದೆ ಹೋಗಲಾರದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕಡಲ ದಂಡೆಯ ಊರು ಅದು. ಅಲ್ಲಿ ಸೈಯದ್ ಇಬ್ರಾಹೀಮ್ ಶಹೀದರ ದರ್ಗಾ ಇದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ದಕ್ಷಿಣದ ಎಲ್ಲ ಕಡೆಯಿಂದ ಜನ ಮನೋರೋಗಿಗಳನ್ನು ಅಲ್ಲಿಗೆ ಕರೆತರುತ್ತಿದ್ದರು. ಕನಸಿನಲ್ಲಿ ಬಾಬಾ ಬಂದು ಮನೆಗೆ ಹೋಗು ಎಂದು ಅಪ್ಪಣೆ ಕೊಡುವವರೆಗೆ ಇರಬೇಕು ಎಂಬ ನಂಬಿಕೆ. ಕನಸು ಬೀಳುವವರೆಗೆ ಎಲ್ಲಿರುವುದು? ದರ್ಗಾದ ಸುತ್ತ ಖಾಸಗಿಯವರು ತಿಂಗಳಿಗಿಷ್ಟು ಎಂದು ಹಣ ತೆಗೆದುಕೊಂಡು ‘ಮನೆ’ಗಳನ್ನು ತೆರೆದರು. ತೆಂಗಿನ ಗರಿಯ ಚಪ್ಪರ, ಕಾಲಿಗೆ ಸರಪಳಿ. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿ ಬಿಚ್ಚುವವರಿರಲಿಲ್ಲ. 28 ಜನ ಸತ್ತರು. ಹಲವರ ಗುರುತು ಹಿಡಿಯಲೂ ಆಗಲಿಲ್ಲ.

ಆಮೇಲೆ ಎಲ್ಲ ನಡೆಯಿತು. ವಾರದೊಳಗೆ ಆ ಮನೆಗಳನ್ನೆಲ್ಲ ಮುಚ್ಚಿ ಐನೂರಕ್ಕೂ ಹೆಚ್ಚು ಜನರನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ತಮಿಳುನಾಡು ಸರಕಾರ ಎನ್. ರಾಮದಾಸ್ ಅವರ ವಿಚಾರಣಾ ಆಯೋಗ ನೇಮಿಸಿತು. ಸುಪ್ರೀಂ ಕೋರ್ಟು ತಾನೇ ದೂರು ದಾಖಲಿಸಿಕೊಂಡು, ಮನೋರೋಗಿಗಳನ್ನು ಇಟ್ಟುಕೊಂಡ ಸಂಸ್ಥೆಗಳ ಸಮೀಕ್ಷೆ ಮಾಡಬೇಕೆಂದು 2002ರಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. 2007ರಲ್ಲಿ ಆ ಮನೆ ನಡೆಸುತ್ತಿದ್ದವರಿಗೆ ಏಳು ವರ್ಷ ಶಿಕ್ಷೆಯಾಯಿತು. ಇಷ್ಟೆಲ್ಲ ಆದ ಮೇಲೂ 2019ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟು, ಉತ್ತರಪ್ರದೇಶದ ಬದಾಯೂಂನಲ್ಲಿ ಒಂದು ಶ್ರದ್ಧಾಕೇಂದ್ರದ ಆಶ್ರಯದಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಇಟ್ಟಿದ್ದಾರೆಂಬ ಅರ್ಜಿಯ ಮೇಲೆ, ಇದು ಮನುಷ್ಯನ ಘನತೆಗೆ ವಿರುದ್ಧ ಎಂದು ಮತ್ತೊಮ್ಮೆ ಹೇಳಬೇಕಾಯಿತು.

ಮುಸಲ್ಮಾನ ಓದುಗರಿಗೆ ಇಲ್ಲಿ ಒಂದು ಮಾತು. ಏರ್ವಾಡಿಯ ಸುದ್ದಿ ಬಂದಾಗ ನಮ್ಮಲ್ಲಿ ಕೆಲವರು ದರ್ಗಾಗಳ ಹೆಸರು ಕೆಡಿಸಲು ಇದನ್ನು ಹಿಗ್ಗಿಸುತ್ತಾರೆಂದು ಮುಖ ತಿರುಗಿಸಿದರು. ಇನ್ನು ಕೆಲವರು, ಅದೆಲ್ಲ ಬಿದ್‌ಅತ್, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡರು. ಸತ್ತವರಿಗೆ ಎರಡರಿಂದಲೂ ಏನೂ ಆಗಬೇಕಿರಲಿಲ್ಲ. ಬೇರೆ ದಾರಿಯೂ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ ಮುಜಾವರರು ಮತ್ತು ಮನೋವೈದ್ಯರು ಕೂಡಿ ‘ದವಾ ಮತ್ತು ದುವಾ’ ಎಂಬ ಕೆಲಸ ಶುರುಮಾಡಿದರು. ಮುಜಾವರರೇ ರೋಗಿಗೆ ದುವಾ ಓದಿ, ಪಕ್ಕದ ದವಾಖಾನೆಗೂ ಕಳಿಸುತ್ತಾರೆ. ಇಂಡಿ, ಸಿಂದಗಿಯ ಜನ ಅಮಾವಾಸ್ಯೆಗೆ, ಗುರುವಾರಕ್ಕೆ ಭೀಮೆಯ ಆಚೀಚಿನ ದರ್ಗಾಗಳಿಗೂ ದೇವಲ ಗಾಣಗಾಪುರದ ದತ್ತನ ಸನ್ನಿಧಿಗೂ ಹೋಗುತ್ತಾರೆ. ಎರಡೂ ಕಡೆ ಎರಡೂ ಮತದವರಿರುತ್ತಾರೆ. ಅಲ್ಲಿ ತಪ್ಪೇ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಏನು ನಡೆಯುತ್ತದೆಂದು ಸರಕಾರ ಒಮ್ಮೆಯಾದರೂ ಕುಳಿತು ಕೇಳಬೇಕು, ಅಲ್ಲಿಯೇ ಒಬ್ಬ ವೈದ್ಯ ಕೂರುವಂತೆ ಮಾಡಬಹುದೇ ನೋಡಬೇಕು ಎನ್ನುತ್ತಿದ್ದೇನೆ.

ದೇವರ ಮನೆಗಿಂತ ಸರಕಾರದ ಮನೆ ಮೇಲು ಎಂದೂ ಯಾರೂ ತಿಳಿಯುವಂತಿಲ್ಲ. 1994ರ ಫೆಬ್ರುವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರಕಾರಿ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನೇ ತೆಗೆಸಿದರು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳುವುದು ತೊಂದರೆ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ನಿಮ್ಹಾನ್ಸ್ ವೈದ್ಯರ ತಂಡ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ನೋಡಿ 1999ರಲ್ಲಿ ವರದಿ ಕೊಟ್ಟಾಗ, ಎಷ್ಟೋ ಕಡೆ ಕಟ್ಟಡಗಳೇ ಜೈಲಿನಂತಿದ್ದವು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಆ ವರ್ಷದ ಎಂಟು ತಿಂಗಳಲ್ಲಿ ಅಲ್ಲಿ ಸತ್ತವರು ಇನ್ನೂರಕ್ಕೂ ಮಿಕ್ಕಿ ಎಂದು ಪತ್ರಿಕೆಗಳು ಬರೆದವು. ಅಲ್ಲಿದ್ದವರಲ್ಲಿ ಮನೋರೋಗಿಗಳು ಬಹಳ. ಭಿಕ್ಷಾಟನೆ ನಿಷೇಧದ ಹೆಸರಿನಲ್ಲಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಮೂರರಂತೆ ಕರ ಕಟ್ಟುತ್ತೇವೆ. ಅದು ಇಂಥ ಮನೆಗಳಿಗಾಗಿಯೇ. 2014ರ ಕೊನೆಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹೊರತಂದ ವರದಿಗೆ ನೋಡಿದ ಆರು ನಗರಗಳಲ್ಲಿ ಬೆಂಗಳೂರು, ಮೈಸೂರು ಎರಡೂ ಇದ್ದವು. ಸಂಸ್ಥೆಗಳೊಳಗೆ ಹೆಣ್ಣುಮಕ್ಕಳ ಮೇಲೆ ನಡೆಯುವ ಹೊಡೆತ, ಲೈಂಗಿಕ ಹಿಂಸೆ, ದೂರು ಕೊಡಲು ದಾರಿಯೇ ಇಲ್ಲದ ಸ್ಥಿತಿ ಆ ವರದಿಯ ವಿಷಯ.

ಇನ್ನು ನಮ್ಮ ನಾಲ್ಕು ತಾಲೂಕು. (ಈಗ ಇವು ಒಡೆದು ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ಕೋಲ್ಹಾರ, ನಿಡಗುಂದಿ ಎಂದು ಹೆಚ್ಚಾಗಿವೆ. ಕಚೇರಿ ಹೆಚ್ಚಾದಷ್ಟು ಕಣ್ಣು ಹೆಚ್ಚಾಗಿಲ್ಲ.) ಇಲ್ಲಿ ಬೆಂಕಿ ಬೀಳುವಂಥ ದೊಡ್ಡ ಮನೆಗಳಿಲ್ಲ. ಇಲ್ಲಿಯ ಹಿಂಸೆ ಚದುರಿಕೊಂಡಿದೆ, ಒಂದು ಮನೆಗೆ ಒಂದು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗುವ ಕುಟುಂಬ ನಡೆಯಲಾರದ ಮಗಳನ್ನು ಎಲ್ಲಿ ಬಿಟ್ಟುಹೋಗಬೇಕು? ಕಣ್ಣು ಮಂಜಾದ ಅಜ್ಜಿಯ ಜೊತೆ ಬಿಟ್ಟು ಹೋಗುತ್ತಾರೆ. ಓಡಿಹೋಗುವ ಮಗನಾದರೆ ದನದ ಕೊಟ್ಟಿಗೆಯ ಗೂಟಕ್ಕೆ ಕಟ್ಟುತ್ತಾರೆ. ಕಟ್ಟುವ ತಾಯಿಯೇ ದಿನಕ್ಕೆರಡು ಸಲ ಬಿಚ್ಚಿ ಜಳಕ ಮಾಡಿಸಿ ಉಣಿಸುತ್ತಾಳೆ ಕೂಡ. ಅವಳನ್ನು ಕ್ರೂರಿ ಎಂದು ಕರೆದರೆ ಮಾತು ಮುಗಿಯಿತು, ಸರಕಾರ ಪಾರಾಯಿತು.

ಬೇರೆ ತರಹದವೂ ಇವೆ. ಮಾತು ಬಾರದ ಹೆಣ್ಣುಮಗಳ ಮೇಲೆ ಅತ್ಯಾಚಾರವಾದರೆ ಠಾಣೆಯಲ್ಲಿ ಅವಳ ಸನ್ನೆ ಓದುವವರು ಯಾರು? ಮಾಸಾಶನದ ಹಣ ಯಾರ ಕೈ ಸೇರುತ್ತದೆ? ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ಹಿನ್ನೀರಿನಲ್ಲಿ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಹಳ್ಳಿಗಳು ಮುಳುಗಿದಾಗ ಪರಿಹಾರ ಬಂದದ್ದು ಖಾತೆದಾರರ ಹೆಸರಿಗೆ. ಆ ಮನೆಗಳ ಕುರುಡ ತಮ್ಮ, ಬುದ್ಧಿ ಬೆಳೆಯದ ತಂಗಿ ಇವರ ಪಾಲು ಎಲ್ಲಿ ಹೋಯಿತು? ಹೆಬ್ಬೆಟ್ಟು ಒತ್ತಿಸಿಕೊಂಡ ಹಕ್ಕುಬಿಡುಗಡೆ ಪತ್ರಗಳು ಉಪನೋಂದಣಿ ಕಚೇರಿಗಳಲ್ಲಿ ಇದ್ದೇ ಇರುತ್ತವೆ. ಓದಿ ನೋಡುವವರು ಬೇಕು.

ಹೆಸರುಗಳೇನೋ ಚೆನ್ನಾಗಿಯೇ ಬದಲಾಗುತ್ತಿವೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದು ಹೋಗಿ ವಿಶೇಷಚೇತನ, 2015ರಿಂದ ದಿಲ್ಲಿಯ ಬಾಯಲ್ಲಿ ದಿವ್ಯಾಂಗ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. 2016ರ ಕಾಯ್ದೆ 21 ಹೇಳುತ್ತದೆ. ಅದರ ಏಳನೆಯ ಕಲಮು ಬಹಳ ಮುಖ್ಯ. ಹಿಂಸೆ, ಶೋಷಣೆ ನಡೆಯುತ್ತಿದೆ ಎಂದು ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ಅವರು ಕ್ರಮ ಕೈಗೊಳ್ಳಬೇಕು. ತಾಲೂಕಿನಲ್ಲಿ ಆ ಮ್ಯಾಜಿಸ್ಟ್ರೇಟರು ಎಂದರೆ ನಮ್ಮ ತಹಸೀಲ್ದಾರರು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಅಲ್ಪ ಗೌರವಧನದಲ್ಲಿ ಊರೆಲ್ಲ ಸುತ್ತುವ ಅವರಿಗೆ ಯಾವ ಮನೆಯಲ್ಲಿ ಯಾರು ಹೇಗಿದ್ದಾರೆಂದು ಗೊತ್ತು. ಅವರನ್ನು ಕೂರಿಸಿ ಕೇಳುವ ಗೋಜಿಗೆ ಯಾರೂ ಹೋಗಿಲ್ಲ. ‘ಮನೋಚೈತನ್ಯ’ ಯೋಜನೆಯಂತೆ ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಾಗಿದೆ. ಅದಕ್ಕೂ ಹಿಂದೆ, 1985ರಲ್ಲೇ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳಿಂದಲೇ ಮನೋರೋಗಕ್ಕೆ ಗುಳಿಗೆ ಕೊಡಬಹುದೆಂದು ತೋರಿಸಿತ್ತು, ಇಡೀ ದೇಶ ಅದನ್ನು ಮಾದರಿಯಾಗಿ ತೆಗೆದುಕೊಂಡಿತು. ಬಳ್ಳಾರಿ ನಮಗೇನು ದೂರವಲ್ಲ.

ಇಷ್ಟು ಕಾನೂನಿದ್ದ ಮೇಲೆ ಆಯೋಗ ಏಕೆ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದಲ್ಲೂ ಹಾಗೇ ಕೇಳಿದರು. ಅಲ್ಲಿಯ ಅಂಗವಿಕಲರು ವರ್ಷಗಟ್ಟಲೆ ಹಟ ಹಿಡಿದರು. 2015ರಲ್ಲಿ ಅಲ್ಲಿಯ ಸೆನೆಟ್ ಸಮಿತಿ ವರದಿ ಕೊಟ್ಟಿತು, 2019ರಲ್ಲಿ ರಾಯಲ್ ಆಯೋಗ ನೇಮಕವಾಯಿತು. ನಾಲ್ಕು ವರ್ಷ ಸುಮಾರು ಎಂಟು ಸಾವಿರ ಅಹವಾಲುಗಳನ್ನು ಕೇಳಿ, 2023ರ ಸೆಪ್ಟೆಂಬರಿನಲ್ಲಿ ಅದು 222 ಶಿಫಾರಸುಗಳ ವರದಿ ಕೊಟ್ಟಿತು. ಶ್ರೀಮಂತ ದೇಶ, ಒಳ್ಳೆಯ ಕಾನೂನು, ಆದರೂ ಮುಚ್ಚಿದ ಬಾಗಿಲ ಹಿಂದೆ ಏನಿತ್ತೆಂದು ಆಯೋಗ ಕೂತ ಮೇಲೆಯೇ ಜನರಿಗೆ ಗೊತ್ತಾದದ್ದು. ಕರ್ನಾಟಕಕ್ಕೂ ಇದರ ಅನುಭವವಿದೆ. 1972ರಲ್ಲಿ ನೇಮಕವಾದ ಹಾವನೂರ ಆಯೋಗ 1975ರಲ್ಲಿ ವರದಿ ಕೊಡುವವರೆಗೆ, ಎಷ್ಟೋ ಜಾತಿಗಳ ಬದುಕು ಸರಕಾರದ ಕಾಗದದಲ್ಲಿ ಇರಲೇ ಇಲ್ಲ.

ಆಯೋಗವೇ ಏಕೆ, ಪೋಲೀಸ್ ಕೇಸು ಸಾಲದೇ ಎಂಬುದಕ್ಕೆ ನನ್ನ ಬಳಿ ಇನ್ನೊಂದು ಉತ್ತರವಿದೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಆರನೆಯ ಕಲಮಿನಂತೆ, ಆಯೋಗದ ಮುಂದೆ ಒಬ್ಬರು ಕೊಟ್ಟ ಹೇಳಿಕೆಯನ್ನು, ಅದು ಸುಳ್ಳುಸಾಕ್ಷಿಯಾದರೆ ಹೊರತು, ಯಾವ ಕೋರ್ಟಿನಲ್ಲೂ ಅವರ ವಿರುದ್ಧವೇ ಬಳಸುವಂತಿಲ್ಲ. ಮಗನನ್ನು ಗೂಟಕ್ಕೆ ಕಟ್ಟಿದ ತಾಯಿ ಠಾಣೆಗೆ ಹೋಗಿ ಸತ್ಯ ಹೇಳಲಾರಳು. ಆಯೋಗದ ಮುಂದೆ ಹೇಳಬಹುದು. ಯಾಕೆ ಕಟ್ಟಿದೆ, ಯಾವ ಆಸ್ಪತ್ರೆಗೆ ಹೋಗಿದ್ದೆ, ಎಷ್ಟು ಸಾಲ ಮಾಡಿದೆ, ಗುಳಿಗೆ ಸಿಗದೆ ಎಂದು ನಿಂತಿತು ಎಂಬುದನ್ನೆಲ್ಲ ಹೇಳಬಹುದು. ನಮಗೆ ಬೇಕಾದದ್ದು ಅವಳ ಶಿಕ್ಷೆಗಿಂತ ಈ ಸಾಕ್ಷ್ಯ.

ಆಯೋಗ ಬೆಂಗಳೂರಿನಲ್ಲಿ ಕೂತು ಅರ್ಜಿ ಕರೆದರೆ ಪ್ರಯೋಜನವಿಲ್ಲ. ತಾಲೂಕು ಸ್ಥಳಗಳಿಗೆ ಬರಬೇಕು, ಸಂತೆಯ ದಿನ ಬಿಟ್ಟು ಬರಬೇಕು, ಗುಳೆ ಹೋದವರು ಮರಳಿದ ಮೇಲೆ ಬರಬೇಕು. ಕನ್ನಡದ ಜೊತೆ ದಖನಿಯಲ್ಲಿ, ತಾಂಡಾಗಳ ಲಂಬಾಣಿಯಲ್ಲಿ, ಸನ್ನೆಯ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕು. ಸದಸ್ಯರಲ್ಲಿ ಅಂಗವಿಕಲರೇ ಹೆಚ್ಚಿರಬೇಕು, ಹೆಣ್ಣುಮಕ್ಕಳಿರಬೇಕು. ಮೆಟ್ಟಿಲಿರುವ ಸಭಾಭವನದಲ್ಲಿ ಕೂರಬಾರದು ಎಂದು ಬೇರೆ ಹೇಳಬೇಕೇ? ಹೇಳಲೇಬೇಕು, ನಮ್ಮ ತಾಲೂಕು ಕಚೇರಿಗಳನ್ನು ಬಲ್ಲವರಿಗೆ ಅದು ಗೊತ್ತು.

ಸರಕಾರ ಆಯೋಗ ನೇಮಿಸುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. 2016ರ ಕಾಯ್ದೆಯಡಿ ರಾಜ್ಯ ಆಯುಕ್ತರು ಯಾರ ದೂರೂ ಇಲ್ಲದೆ ತಾವೇ ವಿಚಾರಣೆ ಶುರುಮಾಡಬಹುದು, ಸಾಕ್ಷಿಗಳನ್ನು ಕರೆಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಓದುಗರಲ್ಲಿ ಯಾರಾದರೂ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಹಸೀಲ್ದಾರರಿಗೆ ಒಂದು ಪ್ರಶ್ನೆ, ಠಾಣೆಗಳಿಗೆ ಒಂದು ಪ್ರಶ್ನೆ ಕಳಿಸಬಹುದು: ಏಳನೆಯ ಕಲಮಿನಂತೆ 2017ರಿಂದ ಎಷ್ಟು ದೂರು ಬಂದವು, 101ನೆಯ ಕಲಮಿನಂತೆ 2018ರಿಂದ ಎಷ್ಟು ವರದಿ ಕಳಿಸಿದ್ದೀರಿ? ಉತ್ತರ ಬಂದರೆ ಈ ಪತ್ರಿಕೆಗೂ ಒಂದು ಪ್ರತಿ ಕಳಿಸಿ.